ಜೂನಿನಲ್ಲಿ ಒಂದು, ಮಾರ್ಚಿನಲ್ಲಿ ಎಂಟು

"ಕಿಲೋಕ್ಕೆ ಇಪ್ಪತ್ತು ರೂಪಾಯಿ ಆದ್ರ ದೀಡ ಕಿಲೋ ಅಕ್ಕಿಗೆ ಎಷ್ಟು?" ಎಂದು ನಾನು ಕೇಳಿದ್ದೇ ತಡ, ನಾಲ್ಕನೇ ತರಗತಿಗೆ ತರಗತಿಯೇ ನಕ್ಕಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ದೀಡ ಅಂದ್ರೆ ಯಾವ ಬ್ರ್ಯಾಂಡ್ ಅಕ್ಕಿ?" ಎಂದಳು.

ದೀಡ ಎಂದರೆ ಒಂದೂವರೆ. ನಮ್ಮ ಗದಗಿನ ಕಡೆ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇದು ಬಿಟಿಎಂ ಲೇಔಟಿನ ಒಂದು ಖಾಸಗಿ ಇಂಗ್ಲಿಷ್ ಶಾಲೆ. ಊರಿನಲ್ಲಿ ಮಕ್ಕಳ ಬಾಯಲ್ಲಿ ನಾನು 'ಅಕ್ಕೋರು' ಆಗಿದ್ದೆ, ಇಲ್ಲಿ ಬರಿಯ 'ಮಿಸ್'. ಕನ್ನಡ ನಾಡಿನೊಳಗೇ ಒಂದು ರಾತ್ರಿಯ ಬಸ್ಸಿನಷ್ಟು ದೂರ ಬಂದಿದ್ದೆ, ಅಷ್ಟಕ್ಕೇ ನನ್ನ ಲೆಕ್ಕದ ಭಾಷೆ ಯಾರಿಗೂ ತಿಳಿಯದಂತಾಗಿತ್ತು. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ನನ್ನ ಗಂಡನಿಗೆ ಕೋರಮಂಗಲದ ಕೊರಿಯರ್ ಆಫೀಸಿನಲ್ಲಿ ಕೆಲಸ ಸಿಕ್ಕಿ ನಾವಿಬ್ಬರೂ ಬಂದಿದ್ದೆವು.

ಬಾಡಿಗೆಗೆ ಮನೆ ಸಿಕ್ಕಿದ್ದು ಜಯಮ್ಮನವರ ಕಟ್ಟಡದ ಎರಡನೇ ಮಹಡಿಯಲ್ಲಿ. ಲೇಔಟ್ ಆಗುವ ಮೊದಲು ಅವರ ಮನೆಯವರು ಅದೇ ನೆಲದಲ್ಲಿ ಹೂಕೋಸು, ಬೀನ್ಸು ಬೆಳೆಯುತ್ತಿದ್ದರಂತೆ. ಈಗ ಅಲ್ಲಿ ಬೆಳೆಯುವುದು ಬಾಡಿಗೆ ಮನೆಗಳು ಮಾತ್ರ. ಬಂದ ವಾರದಲ್ಲೇ ಒಂದು ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಜಯಮ್ಮ ಏದುಸಿರು ಬಿಡುತ್ತ ಮೇಲೆ ಬಂದರು. "ಏನ್ ಮಿಸ್, ಗೋಡೆಗೆ ಮೊಳೆ ಹೊಡೀತಿದ್ದೀರಾ? ಹೇಳ್ದೆ ಕೇಳ್ದೆ ಹೊಡೀಬಾರ್ದು!" ತವೆಯ ಮೇಲಿನ ಜೋಳದ ರೊಟ್ಟಿ ನೋಡಿ ನಕ್ಕರು. ಒಂದು ತಿಂದರು. ಒಣಗಿದ ಹಾಗಿದೆ ಎಂದರು. ಆಮೇಲೆ ಆಗಾಗ ಮಜ್ಜಿಗೆ ಕಳಿಸತೊಡಗಿದರು.

ಅವರ ಮೊಮ್ಮಗಳು ಕಾವ್ಯ ನನ್ನದೇ ತರಗತಿಯಲ್ಲಿದ್ದಳು.

ಶಾಲೆ ಶುರುವಾದ ಕೂಡಲೇ ಗಣಿತದಲ್ಲಿ ಯಾರು ಎಲ್ಲಿದ್ದಾರೆಂದು ನೋಡಲು ಒಂದು ಪರೀಕ್ಷೆ ಕೊಡಬೇಕಿತ್ತು. ವರ್ಷದ ಕೊನೆಗೆ ಅಂಥದೇ ಇನ್ನೊಂದು. ಎರಡರಲ್ಲೂ ಇಪ್ಪತ್ತು ಲೆಕ್ಕ, ಕೊನೆಯ ಪರೀಕ್ಷೆಯಲ್ಲಿ ಹತ್ತಾದರೂ ಸರಿಯಾಗದಿದ್ದರೆ ಅದೇ ತರಗತಿಯಲ್ಲಿ ಮತ್ತೊಂದು ವರ್ಷ. ಜೂನಿನ ಪರೀಕ್ಷೆಯಲ್ಲಿ ಕಾವ್ಯ ಮುದ್ದಾದ ಅಕ್ಷರದಲ್ಲಿ ಪ್ರಶ್ನೆಗಳನ್ನೆಲ್ಲ ನಕಲು ಮಾಡಿ, ಒಂದೇ ಒಂದು ಕೂಡುವ ಲೆಕ್ಕ ಮಾಡಿ, ಉಳಿದ ಜಾಗ ಖಾಲಿ ಬಿಟ್ಟಿದ್ದಳು. ಹೆದರಿದಂತೆಯೂ ಕಾಣಲಿಲ್ಲ. ತನಗೆ ಸಂಬಂಧಪಡದ ಯಾವುದೋ ಕೆಲಸ ಮುಗಿಸಿದ ಹಾಗೆ ಪೇಪರು ಕೊಟ್ಟು ಹೋದಳು.

ಸಂಜೆ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡೆ. ಮಗ್ಗಿ ಕೇಳಿದರೆ ಹನ್ನೆರಡರವರೆಗೂ ರಾಗವಾಗಿ ಹಾಡುತ್ತಿದ್ದಳು. ಆದರೆ ಏಳಾರ್ಲಿ ನಲವತ್ತೆರಡು ಎಂದರೆ ಯಾವುದೋ ವಸ್ತು ಅಷ್ಟಿದೆ ಎಂದು ಅವಳಿಗೆ ಅನ್ನಿಸಿರಲೇ ಇಲ್ಲ. ಹುಣಸೆ ಬೀಜ ತಂದು ಸಾಲು ಸಾಲಾಗಿ ಜೋಡಿಸಲು ಹೇಳಿದೆ. ದಿನವಿಡೀ ಗಂಟಲು ಹರಿದುಕೊಂಡು ಬಂದಿರುತ್ತಿದ್ದೆ, ಕಾಲು ಬಾತಿರುತ್ತಿತ್ತು. ಎಷ್ಟೋ ಸಂಜೆ ಅವಳು ಬರದಿದ್ದರೆ ಸಾಕು ಎಂದುಕೊಂಡದ್ದುಂಟು. ಅವಳು ಬಂದೇ ಬರುತ್ತಿದ್ದಳು.

ದೀಪಾವಳಿಯ ನಂತರದ ಒಂದು ಸಂಜೆ ಆರಾರು ಬೀಜದ ಏಳು ಸಾಲು ಜೋಡಿಸಿದವಳು ಎದ್ದು ಪಕ್ಕದ ಕಡೆಗೆ ಹೋಗಿ ನಿಂತಳು. ತಲೆ ಓರೆ ಮಾಡಿ ನೋಡಿದಳು.

"ಮಿಸ್, ಅಲ್ಲಿಂದ ನೋಡಿದ್ರೆ ಏಳು ಸಾಲು. ಇಲ್ಲಿಂದ ಆರೇ ಸಾಲು. ಆದ್ರೆ ಬೀಜ ಅಷ್ಟೇ ಅಲ್ವಾ?"

"ಯಾರು ಹೇಳಿದ್ರು ನಿನಗೆ?"

"ಯಾರೂ ಇಲ್ಲ. ಕಾಣ್ಸತ್ತಲ್ಲ!"

ಆ ವರ್ಷ ಈ ಊರಿನಲ್ಲಿ ನನಗೆ ಸಿಕ್ಕ ಸಂತೋಷ ಯಾವುದೆಂದರೆ ನಾನು ಇದನ್ನೇ ಹೇಳಬೇಕು.

ಮಾರ್ಚಿನ ಪರೀಕ್ಷೆಯಲ್ಲಿ ಕಾವ್ಯಳ ಎಂಟು ಲೆಕ್ಕ ಸರಿ ಇದ್ದವು. ಮೂರು ಸಲ ನೋಡಿದೆ, ಎಂಟೇ. ನನ್ನ ಗಂಡ ಚಹಾ ಕುಡಿಯುತ್ತ, "ಎರಡು ಮಾರ್ಕ್ಸ್ ಹಾಕಿಬಿಡು. ಯಾರ್ ನೋಡ್ತಾರ? ನಾಳೆ ಮನಿ ಖಾಲಿ ಮಾಡಂದ್ರ ಎಲ್ಲಿಗೆ ಹೋಗೂದು?" ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಭಾಗಾಕಾರ ಅವಳಿಗೆ ಇನ್ನೂ ಬರುತ್ತಿರಲಿಲ್ಲ. ಅದನ್ನು ಕಲಿಯದೆ ಐದನೇ ತರಗತಿಗೆ ಹೋದರೆ ಮತ್ತೆ ಪ್ರಶ್ನೆ ನಕಲು ಮಾಡುವ ಹುಡುಗಿಯಾಗುತ್ತಾಳೆ ಎಂಬ ಭಯ ನನಗೆ.

ಮುಖ್ಯೋಪಾಧ್ಯಾಯಿನಿಯ ಬಳಿ ಎರಡೂ ಪೇಪರು ಇಟ್ಟೆ. "ಮೇಡಂ, ಒಂದರಿಂದ ಎಂಟಕ್ಕೆ ಬಂದಿದ್ದಾಳೆ. ಹದಿನೈದರಿಂದ ಹದಿನಾರಕ್ಕೆ ಬಂದವರನ್ನ ಪಾಸ್ ಮಾಡ್ತಿದ್ದೀವಿ. ಬೇಸಿಗೆಯಲ್ಲಿ ಕಲಿಸಿ ಜೂನಿನಲ್ಲಿ ಇನ್ನೊಂದ್ಸಲ ಪರೀಕ್ಷೆ ಕೊಡ್ತೀನಿ."

"ನಂಗೂ ಪಾಪ ಅನ್ಸತ್ತೆ. ಆದ್ರೆ ಒಬ್ಬಳಿಗೆ ಮಾಡಿದ್ರೆ ಎಲ್ಲಾ ಪೇರೆಂಟ್ಸೂ ಬಂದು ಕೂರ್ತಾರೆ. ಕೊನೇ ಮಾರ್ಕ್ಸ್ ನೋಡೋದಷ್ಟೇ ನಮ್ ರೂಲು" ಎಂದು ಅವರು ಪೇಪರುಗಳನ್ನು ನನ್ನ ಕಡೆಗೇ ಸರಿಸಿದರು. ಮೊದಲ ಪರೀಕ್ಷೆ ಮಾಡಿದ್ದಾದರೂ ಯಾಕೆ ಎಂದು ಕೇಳುವಷ್ಟು ಶಕ್ತಿ ಆ ಹೊತ್ತಿಗೆ ನನ್ನಲ್ಲಿ ಉಳಿದಿರಲಿಲ್ಲ.

ಬೋರ್ಡಿಗೆ ಫಲಿತಾಂಶ ಅಂಟಿಸುವ ಮೊದಲು ನಾನೇ ಕೆಳಗಿಳಿದು ಜಯಮ್ಮನವರಿಗೆ ಹೇಳಿದೆ.

"ನಮ್ಮನೇಲೇ ಇದ್ದೀರಾ, ದಿನಾ ಹೇಳ್ಕೊಟ್ಟಿದ್ದೀರಾ. ಎರಡು ಮಾರ್ಕ್ಸ್ ಹಾಕಕ್ಕೆ ಕೈ ಬರ್ಲಿಲ್ವಾ ಮಿಸ್?"

"ಅವಳು ಕಲಿತಿದ್ದಾಳ್ರಿ ಅಮ್ಮಾ, ನಿಜವಾಗ್ಲೂ ಕಲಿತಿದ್ದಾಳೆ. ಇನ್ನೊಂಚೂರು ಬೇಕು."

"ಇನ್ನೊಂಚೂರು" ಎಂದು ಅವರು ನನ್ನ ಮಾತನ್ನೇ ಮೆಲ್ಲಗೆ ಹೇಳಿ ಒಳಗೆ ಹೋದರು. ಆಮೇಲೆ ಮಜ್ಜಿಗೆ ಬರಲಿಲ್ಲ. ಗೇಟಿನಲ್ಲಿ ಎದುರಾದರೆ ಸೆರಗು ಸರಿಮಾಡಿಕೊಳ್ಳುತ್ತ ಬೇರೆಡೆ ನೋಡುತ್ತಿದ್ದರು.

ಬೇಸಿಗೆ ರಜೆಗೆ ಊರಿಗೆ ಹೊರಟ ಸಂಜೆ ಅವರು ಗೇಟಿನ ಬಳಿ ನಿಂತಿದ್ದರು. "ಶಾಲೆ ಶುರುವಾಗೋದ್ರೊಳಗೆ ಬರ್ತೀರಲ್ಲ?" ಎಂದರು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಕ್ಕರೆಯೂ ಇರಲಿಲ್ಲ. ಮನೆ ಖಾಲಿ ಮಾಡಿಸಲು ಕೇಳಿದರೋ, ಮೊಮ್ಮಗಳಿಗಾಗಿ ಕೇಳಿದರೋ ತಿಳಿಯಲಿಲ್ಲ. ಅವರ ಹಿಂದಿನಿಂದ ಕಾವ್ಯ ಇಣುಕಿ, "ಭಾಗಾಕಾರಕ್ಕೂ ಬೀಜ ಆಗತ್ತಾ ಮಿಸ್?" ಎಂದಳು. ಆಗುತ್ತದೆ ಎಂದೆ.

ಊರಿನಲ್ಲಿ ಮೊದಲ ಬೆಳಗ್ಗೆ ಬೇಗ ಎಚ್ಚರವಾಯಿತು. ಅಡುಗೆಮನೆಗೆ ಬಂದ ನನ್ನನ್ನು ನೋಡಿ ಅವ್ವ, "ಯಾಕವಾ, ಇಷ್ಟ ಲಗೂನ ಎದ್ದಿ? ಇನ್ನೊಂದ್ ತಾಸು ಮಲ್ಕೋಬೇಕಿಲ್ಲ?" ಎಂದಳು.

"ನಮ್ಮನ್ಯಾಗ ಈ ಹೊತ್ತಿಗೇ ನಳದ ನೀರು ಬರ್ತದ ಅವ್ವಾ, ರೂಢಿ ಆಗೇತಿ."

ಅವ್ವ ಒಲೆಯಿಂದ ಮುಖವೆತ್ತಿದಳು. "ಯಾವ ಮನ್ಯಾಗ?"

ಒಲೆಯ ಪಕ್ಕ ಕೂತೆ. ಜಯಮ್ಮನವರ ಮನೆಯನ್ನು 'ನಮ್ಮನಿ' ಅಂದುಬಿಟ್ಟಿದ್ದೆ, ಅದು ಇನ್ನೂ ನಮ್ಮದೋ ಅಲ್ಲವೋ ಗೊತ್ತಿರಲಿಲ್ಲ. ಅವ್ವ ಚಹಾದ ಲೋಟ ನನ್ನ ಮುಂದಿಟ್ಟು, ಬಂದ ನೆಂಟರಿಗೆ ಕೇಳುವ ಹಾಗೆ, "ಸಕ್ಕರಿ ಬರೋಬ್ಬರಿ ಐತೇನು?" ಎಂದಳು.