ನಕ್ಷೆಯಲ್ಲಿ ನಮ್ಮ ಓಣಿಯ ಕೊಟ್ಟಿಗೆಗಳು

ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕ್ಷೆಗೆ ಶಹಾಪುರ ನಗರಸಭೆಯ ಕಟ್ಟಡಗಳ ಡೇಟಾ ಏರಿಸಿದವನು ನಾನೇ. ಏರಿಸಿ ನೋಡಿದರೆ ನಮ್ಮ ಓಣಿಯಲ್ಲಿ ಒಂದೂ ಮನೆ ಇಲ್ಲ, ಎಲ್ಲ ದನದ ಕೊಟ್ಟಿಗೆಗಳೇ. ಎರಡಂತಸ್ತಿನವೂ ಕೊಟ್ಟಿಗೆ. ನಿಜಕ್ಕೂ ಅಲ್ಲಿ ಒಂದು ಎಮ್ಮೆಯೂ ಇಲ್ಲ. ತೆರಿಗೆ ಉಳಿಸಲು ಇಷ್ಟು ಸುಳ್ಳೇ ಎಂದು ಅವ್ವನ ಮುಂದೆ ಹಾರಾಡಿದೆ.

ಅವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು: “ಬರಕೊಳ್ಳಾಕ ಬಂದವ್ರಿಗೆ ಕೊಟಗಿ ಅನ್ರಿ ಅಂತ ಓಣಿಗೆಲ್ಲ ನಾನಽ ಹೇಳಿಕೊಟ್ಟೀನಿ. ಮನಿ ಅಂದ್ರ ಟ್ಯಾಕ್ಸ್ ಜಾಸ್ತಿ ಬೀಳ್ತದ.”

ನಕ್ಷೆಯಲ್ಲಿ ಸುಳ್ಳು ಇರಬಾರದು ಎಂದು ಊರಿಗೆಲ್ಲ ಪಾಠ ಹೇಳುತ್ತಿದ್ದವನು ನಾನು. ಅಂದೇ ಕುಳಿತು ಓಣಿಯ ಮನೆಗಳನ್ನು ತಿದ್ದಿದೆ. ಈಗ ಅಲ್ಲಿ ಉಳಿದಿರುವುದು ಒಂದೇ ಕೊಟ್ಟಿಗೆ. ಅದರ ಮಹಡಿಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ.