ಅನುಸೂಯಮ್ಮ ತಿದ್ದಿದ ಪುಸ್ತಕಗಳು

ದೇವನಹಳ್ಳಿಯ ಹೈಸ್ಕೂಲೊಂದರಲ್ಲಿ ಅನುಸೂಯಮ್ಮ ಕನ್ನಡ ಪಂಡಿತರಾಗಿದ್ದರು. ತವರು ಸೂಲಿಬೆಲೆ. ಗಂಡ ಲಕ್ಷ್ಮಯ್ಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಆಕೆಯ ಕೆಂಪು ಶಾಯಿಗೆ ಮಕ್ಕಳೆಲ್ಲ ಹೆದರುತ್ತಿದ್ದರು. ಪ್ರಬಂಧದ ಒಂದು ಪ್ಯಾರಾದಲ್ಲಿ ಒಂದೇ ಪದ ಎರಡು ಸಲ ಕಂಡರೆ ಸಾಕು, ಅಡಿಗೆರೆ ಎಳೆದು ಪಕ್ಕದಲ್ಲಿ ‘ಬೇರೆ ಮಾತು ಸಿಗಲಿಲ್ಲವೆ?’ ಎಂದು ಬರೆದುಬಿಡುತ್ತಿದ್ದರು. ಹೇಳಿದ್ದನ್ನೇ ಹೇಳುವುದು ಬರವಣಿಗೆಗೆ ದೋಷವೆಂದು ಆಕೆ ಕಲಿತಿದ್ದರು. ಹದಿನಾರು ವರ್ಷ ಅದನ್ನೇ ಕಲಿಸಿಯೂ ಇದ್ದರು.

ಕಾಲೇಜಿನ ಪಾಠ ಕನ್ನಡದಲ್ಲೂ ನಡೆಯಬೇಕು ಎಂಬ ಮಾತು ಎಲ್ಲೆಡೆ ಕೇಳುತ್ತಿದ್ದ ಕಾಲ ಅದು. 1971ರ ಬೇಸಿಗೆಯಲ್ಲಿ ಬೆಂಗಳೂರಿನ ಪಠ್ಯಪುಸ್ತಕ ಕಚೇರಿಯೊಂದರಿಂದ ಆಕೆಗೆ ಪತ್ರ ಬಂತು. ಬೇರೆಬೇರೆ ವಿಷಯಗಳ ಅಧ್ಯಾಪಕರು ಕನ್ನಡದಲ್ಲಿ ಪುಸ್ತಕ ಬರೆದಿದ್ದಾರೆ, ಅದರ ಭಾಷೆಯನ್ನು ತಿದ್ದಿಕೊಡಬೇಕು ಎಂದು ಕೇಳಿದ್ದರು. ಪತ್ರದ ಹಿಂದೆಯೇ ಮೊದಲ ಹಸ್ತಪ್ರತಿಯೂ ಬಂತು. ಸಸ್ಯಶಾಸ್ತ್ರದ್ದು, ಮುನ್ನೂರು ಹಾಳೆ. ಬರೆದವರು ವೆಂಕಟರಾಯಪ್ಪ ಎಂಬ ಲೆಕ್ಚರರ್.

ಎರಡು ತಿಂಗಳು ಕೂತು ಅನುಸೂಯಮ್ಮ ಅದನ್ನು ತಿದ್ದಿದರು. ಬರೆದವನಿಗೆ ವಿಷಯ ಗೊತ್ತಿದೆ, ಪದಸಂಪತ್ತು ಮಾತ್ರ ಬಡವಾಗಿದೆ ಎಂದು ಅವರಿಗೆ ಕನಿಕರ ಹುಟ್ಟಿತು. ಒಂದು ಪುಟದಲ್ಲಂತೂ ‘ಎಲೆ’ ಎಂಬ ಮಾತು ಹದಿನೇಳು ಸಲ ಬಂದಿತ್ತು. ಒಂದನ್ನು ಪರ್ಣ ಮಾಡಿದರು, ಇನ್ನೊಂದನ್ನು ಪತ್ರ ಮಾಡಿದರು. ಬಿಲ್ವದಳ, ತುಳಸೀದಳ ಎಂದು ಚಿಕ್ಕಂದಿನಿಂದ ಕೇಳಿದ್ದರಿಂದ ಕೆಲವನ್ನು ದಳ ಎಂದೂ ಮಾಡಿದರು. ಮುಗಿಸಿದ ದಿನ ಒಂದು ಅಧ್ಯಾಯವನ್ನು ಗಂಡನಿಗೆ ಓದಿ ಹೇಳಿದಾಗ ಲಕ್ಷ್ಮಯ್ಯ, ಕಥೆ ಕೇಳಿದ ಹಾಗಿದೆ ಎಂದರು. ಅನುಸೂಯಮ್ಮನಿಗೆ ಅದಕ್ಕಿಂತ ಬೇರೆ ಬಹುಮಾನ ಬೇಕಿರಲಿಲ್ಲ.

ಆರು ವಾರ ಕಳೆದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಅಚ್ಚಿನ ಕರಡಿನ ಕಟ್ಟು ಕಂಕುಳಲ್ಲಿಟ್ಟುಕೊಂಡು ವೆಂಕಟರಾಯಪ್ಪನೇ ಮನೆಗೆ ಬಂದ. ತೂಬಗೆರೆ ಕಡೆಯವನು, ಮೂವತ್ತು ದಾಟಿರಲಿಲ್ಲ. ಕೊಟ್ಟ ಕಾಫಿಯನ್ನು ಕುಡಿಯದೆ ಪಕ್ಕಕ್ಕಿಟ್ಟು, ತನ್ನ ಪುಸ್ತಕ ಯಾವ ಹುಡುಗನಿಗೂ ಅರ್ಥವಾಗದ ಹಾಗಾಗಿದೆ ಎಂದ. ಎಲೆಯ ಬಗ್ಗೆ ತಾನು ಬರೆದಿದ್ದು ಈಗ ಹೂವಿನ ಬಗ್ಗೆ ಬರೆದಂತಿದೆ, ಯಾಕೆಂದರೆ ತನ್ನ ಶಾಸ್ತ್ರದಲ್ಲಿ ದಳ ಅಂದರೆ ಹೂವಿನ ಎಸಳು ಮಾತ್ರ ಎಂದು ವಿವರಿಸಿದ. ದನಿ ಮಾತ್ರ ಏರಿಸಲಿಲ್ಲ.

ಅನುಸೂಯಮ್ಮನಿಗೆ ಮುಖಕ್ಕೆ ಹೊಡೆದಂತಾಯಿತು. ಆದರೂ ಬಿಟ್ಟುಕೊಡಲಿಲ್ಲ.

“ಒಂದೇ ಪುಟದಾಗೆ ಎಲೆ ಅನ್ನೋದು ಹದಿನೇಳು ಸಲ ಬಂದೈತಲ್ಲಪ್ಪಾ,” ಎಂದರು.

“ಹದಿನೇಳು ಸಲಾನೂ ಎಲೇನೇ ಇರ್ಬೇಕು ಮೇಡಂ. ಮಾತು ಬದಲಾದ್ರೆ ವಸ್ತೂನೇ ಬದಲಾಯ್ತು ಅಂದ್ಕೊಳ್ತಾರೆ ನಮ್ಮ ಹುಡುಗ್ರು.”

ಆಮೇಲೆ ಅವನು, ಹತ್ತಿರದ ನಲ್ಲೂರಿಗೆ ಒಂದು ಗಳಿಗೆ ಬರುತ್ತೀರಾ ಎಂದು ಕೇಳಿದ. ಯಾಕೆಂದು ಆಕೆ ಕೇಳಲಿಲ್ಲ. ಸೆರಗು ಸರಿಮಾಡಿಕೊಂಡು, ಛತ್ರಿ ಹಿಡಿದು ಹೊರಟರು.

ನಲ್ಲೂರಿನ ಹಳೆಯ ಹುಣಸೆ ತೋಪಿನಲ್ಲಿ ಅವನು ಬಾಗಿದ ಕೊಂಬೆಯಿಂದ ಒಂದು ಹಸಿರು ತುಣುಕು ಕಿತ್ತು ಆಕೆಯ ಅಂಗೈಮೇಲಿಟ್ಟ. ಸಣ್ಣ ಕಡ್ಡಿಯ ಎರಡೂ ಕಡೆ ಪುಟ್ಟ ಪುಟ್ಟ ಹಸಿರು ಸಾಲು. ಎಷ್ಟು ಎಲೆ ಇದೆ ಹೇಳಿ ಎಂದ. ಆಕೆ ಕನ್ನಡಕ ಏರಿಸಿಕೊಂಡು ಎಣಿಸಿ, ಇಪ್ಪತ್ನಾಲ್ಕು ಎಂದರು.

“ಒಂದೇ ಮೇಡಂ. ಕಡ್ಡಿ ಸಮೇತ ಇದಿಷ್ಟೂ ಸೇರಿ ಒಂದೆಲೆ. ನೀವೆಣಿಸಿದ್ದು ಕಿರುಎಲೆ.”

ಬಳಿಕ ಅವನು ತನ್ನ ಕಥೆ ಹೇಳಿಕೊಂಡ. ತೂಬಗೆರೆಯಲ್ಲಿ ಹುಣಸೆಯ ಕೆಳಗೇ ಬೆಳೆದವನು ಕಾಲೇಜಿನ ಮೊದಲ ವರ್ಷ ಇಂಗ್ಲಿಷಿನ ಪಾಠದಲ್ಲಿ ಈ ಎರಡರ ವ್ಯತ್ಯಾಸ ತಿಳಿಯದೆ ಎಲ್ಲರೆದುರು ತಪ್ಪು ಹೇಳಿ, ಆ ವರ್ಷವೆಲ್ಲ ತರಗತಿಯಲ್ಲಿ ಬಾಯಿ ತೆರೆದಿರಲಿಲ್ಲವಂತೆ. ಮುಂದಿನವರಿಗೆ ಹಾಗಾಗದಿರಲಿ ಎಂದೇ ಈ ಪುಸ್ತಕ ಬರೆಯಲು ಕೂತನಂತೆ. ಅನುಸೂಯಮ್ಮ ಆ ಎಲೆಯನ್ನು ಕೈಚೀಲದಲ್ಲಿಟ್ಟುಕೊಂಡರು. ಕರಡನ್ನು ತಮ್ಮ ಹತ್ತಿರವೇ ಬಿಟ್ಟುಹೋಗು, ಒಂದು ತಿಂಗಳು ಕೊಡು ಎಂದರು. ತಾವೇ ಹಾಕಿದ ಬಣ್ಣವನ್ನು ಪುಟಪುಟವಾಗಿ ತಾವೇ ಕೆರೆದು ತೆಗೆದರು. ಆ ಕೆಲಸದಲ್ಲಿ ಸಂಕಟವೂ ಇತ್ತು. ಆದರೆ ಅರ್ಧ ಮುಗಿಯುವಷ್ಟರಲ್ಲಿ ಆ ಬೋಳು ವಾಕ್ಯಗಳು ಕಣ್ಣಿಗೆ ಬೇರೆಯಾಗಿಯೇ ಕಾಣತೊಡಗಿದ್ದವು. ಒಂದು ಮಾತಿಗೆ ಒಂದೇ ವಸ್ತು, ಒಂದು ವಸ್ತುವಿಗೆ ಒಂದೇ ಮಾತು. ಅದರಲ್ಲೂ ಒಂದು ಅಂದವಿದೆ ಎನ್ನಿಸಿತು.

ಆಮೇಲೆ ಬಂದಿದ್ದು ಚರಿತ್ರೆಯ ಪುಸ್ತಕ. ಬರೆದವರು ಪಾಪಯ್ಯ, ನಿವೃತ್ತಿಗೆ ಹತ್ತಿರವಿದ್ದ ಪ್ರೊಫೆಸರು. ಈ ಸಲ ಎಡವುವುದಿಲ್ಲ ಎಂದುಕೊಂಡು ಅನುಸೂಯಮ್ಮ ಸಸ್ಯಶಾಸ್ತ್ರ ಕಲಿಸಿದ್ದನ್ನೆಲ್ಲ ಇಲ್ಲಿ ನಡೆಸಿದರು. ಒಂದು ಕಡೆ ಗಾವುಂಡ, ಇನ್ನೊಂದು ಕಡೆ ಗೌಡ ಎಂದಿದ್ದುದನ್ನೆಲ್ಲ ಒಂದೇ ಗೌಡ ಮಾಡಿದರು. ‘ಇರಬಹುದು’, ‘ಎಂದು ತೋರುತ್ತದೆ’ ಎಂದಿದ್ದಲ್ಲೆಲ್ಲ, ಗಟ್ಟಿಯಾಗಿ ಹೇಳಲು ಏನು ಸಂಕೋಚ ಎಂದುಕೊಂಡು, ‘ಇತ್ತು’ ಎಂದು ತಿದ್ದಿದರು.

ಪಾಪಯ್ಯನವರು ಕಾರ್ಡು ಬರೆದು ಕರೆಸಿಕೊಂಡರು. ಗಾವುಂಡನೆಂದು ಶಾಸನದಲ್ಲಿ ಬರುವವನ ಕೆಲಸವೂ ಅಧಿಕಾರವೂ ಬೇರೆ, ನಮ್ಮ ಕಾಲದ ಗೌಡನದೇ ಬೇರೆ, ಇಬ್ಬರನ್ನೂ ಒಂದೇ ಹೆಸರಿಂದ ಕರೆದರೆ ನಡುವಿನ ಎಂಟುನೂರು ವರ್ಷ ಅಳಿಸಿಹೋಗುತ್ತದೆ ಎಂದರು. ಎಲೆ ಅವತ್ತೂ ಎಲೆ, ಇವತ್ತೂ ಎಲೆ; ಮನುಷ್ಯನ ಪದವಿ ಹಾಗಲ್ಲ ಎಂದು ಅನುಸೂಯಮ್ಮನಿಗೆ ಹೊಳೆಯಿತು. ಆಮೇಲೆ ಪಾಪಯ್ಯನವರು ಒಂದು ಶಾಸನದ ಕಾಗದದ ಅಚ್ಚನ್ನು ಮೇಜಿನ ಮೇಲೆ ಹರಡಿದರು. ಕಲ್ಲು ನಡುವೆ ಒಡೆದು, ನಾಲ್ಕು ಸಾಲು ಹೋಗಿತ್ತು.

“ಇಲ್ಲಿ ಏನಿತ್ತು ಅಂತ ನಂಗೆ ಗೊತ್ತಿಲ್ಲ ಕಣಮ್ಮ. ಗೊತ್ತಿಲ್ಲ ಅಂತ ಮರ್ಯಾದೆಯಿಂದ ಹೇಳೋಕೆ ನಮ್ಮ ಹತ್ರ ಇರೋದು ‘ಇರಬಹುದು’ ಒಂದೇ. ಅದನ್ನ ಕಿತ್ಕೊಂಡ್ರೆ ನಾನು ಸುಳ್ಳುಗಾರ ಆಗ್ಬಿಡ್ತೀನಿ.”

ವಾಪಸು ಬರುವಾಗ ಬಸ್ಸಿನಲ್ಲಿ ಅನುಸೂಯಮ್ಮನಿಗೆ ನಗು ಬಂತು. ಒಬ್ಬರಿಂದ ಕಲಿತದ್ದನ್ನು ಇನ್ನೊಬ್ಬರ ತಲೆಗೆ ಕಟ್ಟಲು ಹೋಗಿದ್ದರಲ್ಲ. ಅವತ್ತೇ ಒಂದು ತೀರ್ಮಾನಕ್ಕೆ ಬಂದರು. ಇನ್ನು ಮುಂದೆ ಯಾವ ಹಸ್ತಪ್ರತಿ ಬಂದರೂ, ಬರೆದವರ ತರಗತಿಯಲ್ಲಿ ಒಂದು ದಿನ ಕೂರದೆ ಪೆನ್ನು ಮುಟ್ಟಬಾರದು.

ರಜೆ ಹಾಕಿ, ಇಲ್ಲವೆ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಬೆಂಗಳೂರಿನ ಬಸ್ಸು ಹತ್ತುವುದು ರೂಢಿಯಾಯಿತು. ನಲವತ್ತು ದಾಟಿದ ಹೆಂಗಸು ಹಿಂದಿನ ಬೆಂಚಿನಲ್ಲಿ ಕೂತು ಟಿಪ್ಪಣಿ ಬರೆಯುವುದನ್ನು ನೋಡಿ ಹುಡುಗರು ಮೊದಮೊದಲು ಮುಸಿಮುಸಿ ನಕ್ಕರು. ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಆಕೆ, ‘ಆಮ್ಲವನ್ನು ಸುರಿಯಲಾಯಿತು’ ಎಂದು ಬರೆಯುತ್ತೀರಲ್ಲ, ಸುರಿದವರು ಯಾರು ಎಂದು ಕೇಳಿದರು. ಯಾರು ಸುರಿದರೂ ಅದೇ ಆಗಬೇಕು, ಅದಕ್ಕೇ ಸುರಿದವರ ಹೆಸರಿಗೆ ಅಲ್ಲಿ ಜಾಗವಿಲ್ಲ ಎಂದು ಅಲ್ಲಿನ ಅಧ್ಯಾಪಕರಿಂದ ಉತ್ತರ ಬಂತು. ‘ಲಾಯಿತು’ ಎಂಬ ಬಾಲವನ್ನು ಮಕ್ಕಳ ಬರವಣಿಗೆಯಲ್ಲಿ ಕಂಡಕಂಡಲ್ಲಿ ಕತ್ತರಿಸುತ್ತಿದ್ದವರು, ಈ ಪುಸ್ತಕದಲ್ಲಿ ಅದನ್ನು ಹಾಗೇ ಉಳಿಸಿದರು.

ಆರು ವರ್ಷಗಳಲ್ಲಿ ಒಂಬತ್ತು ಪುಸ್ತಕಗಳು ಅವರ ಕೈದಾಟಿ ಅಚ್ಚಾದವು. ವೆಂಕಟರಾಯಪ್ಪನ ಪುಸ್ತಕಕ್ಕೆ ಎರಡನೆಯ ಮುದ್ರಣವೂ ಆಯಿತು. ಮುನ್ನುಡಿಯಲ್ಲಿ ಅವನು, ಪಂಡಿತರಾದ ಅನುಸೂಯಮ್ಮನವರು ಈ ಪುಸ್ತಕವನ್ನು ಎರಡು ಸಲ ತಿದ್ದಿದರು ಎಂದಷ್ಟೇ ಬರೆದ. ಆ ಸಾಲು ಓದಿ ಲಕ್ಷ್ಮಯ್ಯ, ಎರಡು ಸಲ ಯಾಕೆಂದು ಬರೆಯದೆ ಮಾನ ಉಳಿಸಿದ್ದಾನೆ ಎಂದು ತಮಾಷೆ ಮಾಡಿದರು.

1977ರಲ್ಲಿ ಕಚೇರಿಯ ಅಧಿಕಾರಿ, ತಿದ್ದುವವರಿಗೆಲ್ಲ ಉಪಯೋಗವಾಗುವಂತೆ ನಿಯಮಗಳನ್ನು ಬರೆದುಕೊಡಿ ಎಂದು ಆಕೆಯನ್ನು ಕೇಳಿದರು. ಅನುಸೂಯಮ್ಮ ಮೂವತ್ತು ಪುಟ ಬರೆದು, ಒಂದೊಂದು ಶಾಸ್ತ್ರಕ್ಕೆ ಒಂದೊಂದು ಅಧ್ಯಾಯ ಮಾಡಿ ಕೊಟ್ಟರು. ಅಧಿಕಾರಿಗೆ ಅದು ಹಿಡಿಸಲಿಲ್ಲ. ಎಲ್ಲದಕ್ಕೂ ಹೊಂದುವ ನಿಯಮ ಒಂದು ಪುಟದಲ್ಲಿ ಬೇಕು ಎಂದರು.

“ಒಂದು ಪುಟಕ್ಕೆ ಇಳಿಸಿದ್ರೆ ಯಾರ್ದಾದ್ರೂ ಒಬ್ರ ಶಾಸ್ತ್ರ ಕೆಡುತ್ತೆ ಸಾರ್,” ಎಂದು ಹೇಳಿ ಅನುಸೂಯಮ್ಮ ಹಾಳೆಗಳನ್ನು ವಾಪಸು ತಂದರು.

ಆಗ ನಿವೃತ್ತರಾಗಿದ್ದ ಪಾಪಯ್ಯನವರು ವಿಷಯ ತಿಳಿದು, ಆ ಮೂವತ್ತು ಪುಟಕ್ಕೆ ಸ್ಟೆನ್ಸಿಲ್ ಕಟ್ ಮಾಡಿಸಿ, ಸೈಕ್ಲೋಸ್ಟೈಲ್ ಯಂತ್ರದಲ್ಲಿ ಅರವತ್ತು ಪ್ರತಿ ತೆಗೆಸಿ, ಪರಿಚಯದ ಅಧ್ಯಾಪಕರಿಗೆಲ್ಲ ಅಂಚೆಯಲ್ಲಿ ಕಳಿಸಿದರು. ಅದು ಎಲ್ಲೆಲ್ಲಿಗೆ ಹೋಯಿತೋ ಅನುಸೂಯಮ್ಮನಿಗೆ ತಿಳಿಯಲಿಲ್ಲ. 1979ರಲ್ಲಿ ಕಾನೂನು ಕಾಲೇಜಿನ ಮೇಷ್ಟ್ರೊಬ್ಬರಿಂದ ನಾಲ್ಕು ಪುಟದ ಕಾಗದ ಬಂತು. ಅವರ ವಿಷಯದ ಅಧ್ಯಾಯದಲ್ಲಿ, ಕಾನೂನಿನಲ್ಲಿ ಕಡ್ಡಾಯವನ್ನು ಸೂಚಿಸುವ ‘ತಕ್ಕದ್ದು’ ಎಂಬ ಮಾತನ್ನು ಆಕೆ ವಿವರಿಸಿದ ರೀತಿ ಪೂರ್ತಿ ತಪ್ಪು ಎಂದು ಸಾಲುಸಾಲಾಗಿ ತೋರಿಸಿದ್ದರು.

ಅನುಸೂಯಮ್ಮ ಕಾಗದವನ್ನು ಎರಡು ಸಲ ಓದಿದರು. ಅವರ ಕ್ಲಾಸು ಯಾವ ದಿನ, ಎಷ್ಟು ಗಂಟೆಗೆ ಎಂದು ವಿಚಾರಿಸಿ ಒಂದು ಕಾರ್ಡು ಬರೆದು, ಶಾಲೆಗೆ ಹೋಗುವ ದಾರಿಯಲ್ಲಿ ಅಂಚೆಪೆಟ್ಟಿಗೆಗೆ ಹಾಕಿದರು.