ಹಸಿರು ಕಂಡಲ್ಲಿ ಕಾಲಿಡು

ವೇಲ್ಸ್‌ನ ಒಂದು ಗುಡ್ಡದ ಬುಡದಿಂದ ಮಗಳು ಫೋನ್ ಮಾಡಿದಾಗ ನಾನು ಕೊಲ್ಲಿ ದೇಶದ ಹಮದ್ ಟೌನಿನ ನಮ್ಮ ಫ್ಲ್ಯಾಟಿನಲ್ಲಿ ಪರದೆ ಎಳೆದುಕೊಂಡು ಕೂತಿದ್ದೆ. ಜೂನ್ ತಿಂಗಳ ಶನಿವಾರ. ಬಾಲ್ಕನಿಯ ಬಾಗಿಲು ತೆರೆದರೆ ಬಿಸಿಗಾಳಿ ಮುಖಕ್ಕೆ ರಾಚುವಂಥ ಹೊತ್ತು.

"ಪಪ್ಪಾ, ಗೇಟ್ ಸಿಕ್ತು. ಸ್ಟಾರ್ಟ್ ಮಾಡ್ತಿದ್ದೇನೆ."

ವೇಲ್ಸ್‌ನಲ್ಲಿ ನಾನು ಓದಿದ ಊರಿನಲ್ಲೇ ಅವಳೂ ಓದುತ್ತಿದ್ದಾಳೆ. ಪರೀಕ್ಷೆ ಮುಗಿದ ಮೇಲೆ, ಚಿಕ್ಕಂದಿನಿಂದ ನನ್ನ ಬಾಯಲ್ಲಿ ಕೇಳಿದ ಆ ನಡಿಗೆಯನ್ನು ಒಬ್ಬಳೇ ಮಾಡಿ ನೋಡಬೇಕೆಂದು ಹೊರಟಿದ್ದಳು. ಮದುವೆಯಾದ ಹೊಸತರಲ್ಲಿ ನಾನೂ ಹೆಂಡತಿಯೂ ನಡೆದ ದಾರಿ ಅದು. ಗೇಟಿನಿಂದ ಕಲ್ಲಿನ ಗೋಡೆಯನ್ನು ಬಲಕ್ಕೆ ಬಿಟ್ಟು ನಡೆದು, ಕೆರೆ ದಾಟಿ, ಮೊದಲ ಗುಡ್ಡ ಹತ್ತಬೇಕು. ಆಮೇಲೆ ಉದ್ದಕ್ಕೂ ಜೌಗು. ಎರಡನೇ ಗುಡ್ಡದ ನೆತ್ತಿಯಲ್ಲಿ ಸ್ನೋಡನ್ ಬೆಟ್ಟಸಾಲು ಒಮ್ಮೆಲೇ ಎದುರಾಗುತ್ತದೆ. ಸುತ್ತು ಹಾಕಿಕೊಂಡು ಸಂಜೆಗೆ ಮತ್ತೆ ಅದೇ ಗೇಟು.

"ನೆನಪಿಟ್ಟುಕೋ, ಜೌಗಿನಲ್ಲಿ ಹಸಿರು ಕಂಡಲ್ಲಿ ಕಾಲಿಡು. ಕಂದು ಕಂಡರೆ ಕೆಸರು" ಎಂದೆ.

ಫೋನ್ ಇಟ್ಟದ್ದೇ ಅಡುಗೆಮನೆಯಿಂದ ಹೆಂಡತಿ ಬಂದಳು. ಕೈಯಲ್ಲಿ ಅರ್ಧ ಉಜ್ಜಿದ ಸಾಫಿ ಮೀನು.

"ಎಂತ ಹೇಳಿದ್ರಿ ಅವಳಿಗೆ? ಹಸಿರಲ್ಲೇ ಅಲ್ವಾ ನೀವು ಹೂತು ಹೋದದ್ದು? ತೊಡೆವರೆಗೆ! ನಾನು ಕೊಡೆ ಕೊಟ್ಟು ಎಳೆದದ್ದು."

"ಹೂತದ್ದು ನೀನು. ಎಳೆದದ್ದು ನಾನು."

"ಹೌದು ಹೌದು. ಇನ್ನೊಂದು ಸಲ ಹೇಳಿ, ನನಗೂ ನಂಬಿಕೆ ಬಂದೀತು."

ನಾನು ಇತಿಹಾಸ ಓದಿದವನು. ಯಾರ ನೆನಪನ್ನೂ ಸಾಕ್ಷಿಯಿಲ್ಲದೆ ನಂಬಬಾರದೆಂದು ಕಲಿತವನು. ನನ್ನ ಹಸಿರಿಗೆ ಸಾಕ್ಷಿ ಎಲ್ಲಿದೆ ಎಂದು ಹುಡುಕಿದಾಗ ಕಣ್ಣಿಗೆ ಬಂದದ್ದು ವೇಲ್ಸ್ ಅಲ್ಲ, ಕುಂದಾಪುರದ ಕಡೆಯ ನಮ್ಮ ಗದ್ದೆ. ಮಳೆಗಾಲದಲ್ಲಿ ಶಾಲೆಗೆ ಹೋಗುವಾಗ ಹುಲ್ಲು ಬೆಳೆದ ಅಂಚಿನ ಮೇಲೆ ನಡೆಯಬೇಕು, ಉತ್ತ ಕಂದು ಕೆಸರಿಗೆ ಇಳಿಯಬಾರದು. ಆ ಬುದ್ಧಿಯನ್ನೇ ನಾನು ಮಗಳ ಕೈಗೆ ಕೊಟ್ಟಿದ್ದೆ. ಅಲ್ಲಿ ಹಸಿರೆಂದರೆ ನೀರಿನ ಮೇಲೆ ತೇಲುವ ಪಾಚಿ ಇದ್ದರೆ?

ಫೋನ್ ಮಾಡಿದೆ. ನೆಟ್‌ವರ್ಕ್ ಇಲ್ಲ. "ಹಸಿರಿನ ಮೇಲೆ ಕಾಲಿಡಬೇಡ" ಎಂದು ಮೆಸೇಜ್ ಹಾಕಿದೆ. ಒಂದೇ ಟಿಕ್ ಬಿತ್ತು.

ವಿಮಾನ ಹತ್ತುತ್ತೇನೆಂದರೆ ಪಾಸ್‌ಪೋರ್ಟ್ ಕೈಯಲ್ಲಿಲ್ಲ, ವೀಸಾ ಕೆಲಸಕ್ಕೆ ಹೋಗಿತ್ತು. ಇದ್ದಿದ್ದರೂ ಏನು ಮಾಡುತ್ತಿದ್ದೆ? ಹಾಲ್, ಅಡುಗೆಮನೆ, ಮಲಗುವ ಕೋಣೆ, ಮತ್ತೆ ಹಾಲ್. ಗೋಡೆಗಳು ಎಸಿಯ ಜೊತೆ ಗುಂಯ್‌ಗುಡುತ್ತಿದ್ದವು. ಕೊನೆಗೆ ಕಾರಿನ ಕೀ ತೆಗೆದುಕೊಂಡೆ.

"ಎಲ್ಲಿಗೆ?"

"ಕೋಲ್ಡ್ ಸ್ಟೋರ್ ಅಂಗಡಿಗೆ. ಮೊಸರು ತರಲಿಕ್ಕೆ."

"ಮೊಸರು ಉಂಟು. ರೌಂಡ್‌ಅಬೌಟ್ ಸುತ್ತಿದ್ರೆ ಅವಳು ಸಿಗ್ತಾಳಾ ಮಾರಾಯ್ರೆ?"

ಆದರೂ ಸುತ್ತಿದೆ. ಒಂದು ರೌಂಡ್‌ಅಬೌಟಿನಿಂದ ಇನ್ನೊಂದಕ್ಕೆ, ಅಲ್ಲಿಂದ ತಿರುಗಿ ಮೊದಲನೆಯದಕ್ಕೆ. ಸ್ಟೀರಿಂಗ್ ಕೈ ಸುಡುತ್ತಿತ್ತು. ನೀರು ಹಾಯಿಸಿ ಬೆಳೆಸಿದ ನಡುವಿನ ಹುಲ್ಲು ಕಣ್ಣಿಗೆ ಬಿದ್ದಾಗಲೆಲ್ಲ ಫೋನ್ ತೆಗೆದು ಆ ಒಂದೇ ಟಿಕ್ ನೋಡುತ್ತಿದ್ದೆ. ಮನೆಗೆ ಬಂದಾಗ ಮೀನಿನ ಸಾರು ಬಡಿಸಿದ ಎರಡು ತಟ್ಟೆಗಳು ಮುಟ್ಟದೆ ಹಾಗೇ ಮೇಜಿನ ಮೇಲಿದ್ದವು. ಅವಳೂ ಉಂಡಿರಲಿಲ್ಲ.

ಹೊತ್ತು ಮುಳುಗಿದ ಮೇಲೆ ಫೋನ್ ಬಂತು. ಹೆಂಡತಿ ಸ್ಪೀಕರ್ ಒತ್ತಿದಳು.

"ಪಪ್ಪಾ, ವಾಪಸ್ ಗೇಟ್ ಹತ್ರ ಇದ್ದೇನೆ. ನಿನ್ನ ಹಸಿರು ಸೀರಿಯಸ್ಲಿ ಡೇಂಜರ್! ಫಸ್ಟ್ ಸ್ಟೆಪ್ಪಿಗೇ ಮಂಡಿವರೆಗೆ ಹೋದೆ. ಆಮೇಲೆ ನೀನು ಹೇಳಿದ್ದಕ್ಕೆಲ್ಲ ಉಲ್ಟಾ ಮಾಡಿದೆ, ಕಂದು ಹುಲ್ಲಿನ ಗುಪ್ಪೆ ಮೇಲೇ ಹಾರಿ ಹಾರಿ ಹೋದೆ."

ನಾನು ಕುರ್ಚಿಯಲ್ಲಿ ಕೂತೆ. "ಬೆಟ್ಟ?"

"ಫುಲ್ ಲೈನ್ ಕಂಡಿತು. ಫೋಟೋ ಕಳಿಸ್ತೇನೆ. ಆದ್ರೆ ಗೋಡೆ ಲೆಫ್ಟಿಗೆ ಇತ್ತು. ಮತ್ತೆ ಕೆರೆ ಎಲ್ಲಿದೆ? ಕೆರೆಯೇ ಇಲ್ಲ ಪಪ್ಪಾ."

ನಾನು ಒಪ್ಪಿಕೊಳ್ಳುವ ಮೊದಲೇ ಹೆಂಡತಿ ಫೋನಿಗೆ ಬಾಗಿದಳು. "ಕೆರೆ ಇತ್ತು! ಅದರ ದಡದಲ್ಲೇ ನಾವು ಚಪಾತಿ ತಿಂದದ್ದು. ನೀನು ಸರಿ ನೋಡ್ಲಿಲ್ಲ."

"ಮಮ್ಮೀ, ನಾನು ಈಗಷ್ಟೇ ನಡೆದು ಬಂದವಳು!"

"ಹಾಗಾದ್ರೆ ಇನ್ನೊಂದು ಸಲ ಹೋಗಿ ನೋಡು."

ಮುಂದಿನ ವಾರ ಗೆಳತಿಯರ ಜೊತೆ ಹೋಗುವವಳಿದ್ದಾಳಂತೆ. ದಾರಿ ಹೊಸದಾಗಿ ಬರೆದುಕೊಡಲೇ ಎಂದು ಕೇಳಿದೆ. ಬೇಡ, ತಾನೇ ಬರೆಯುತ್ತೇನೆ ಎಂದಳು. ಆಗಲಿ ಎಂದೆ.

"ಬರಿ, ಬರಿ" ಎಂದಳು ಹೆಂಡತಿ, ಸಾರು ಬಿಸಿಗಿಡಲು ಏಳುತ್ತಾ. "ಕೆರೆ ಹಾಕ್ಲಿಕ್ಕೆ ಮರೀಬೇಡ."